ಕರಿ ಮೂಲೆಯ ಕಾರ್ಡು

ನಮ್ಮನೆಯವರು ಮೊದಲ ಸಲ ಬಿದ್ದದ್ದು ಪಾಪಿನಾಯಕನಹಳ್ಳಿಯ ಒಂದು ಹುಣಸೆ ಮರದಿಂದ. ಕೆಳಗೆ ಆಗಷ್ಟೇ ಉತ್ತಿದ್ದ ಹೊಲವಿತ್ತು, ಮಣ್ಣು ಮೆತ್ತಗಿತ್ತು. ಕಲ್ಲಿನ ಮೇಲೆ ಬೀಳಲಿಲ್ಲವಲ್ಲ ಎಂಬುದನ್ನು ನಾನು ಇವತ್ತಿಗೂ ದೇವರು ಮಾಡಿದ ಉಪಕಾರವೆಂದೇ ಹಿಡಿಯುತ್ತೇನೆ. ಸೊಂಟದ ಎಲುಬು ಮುರಿದಿತ್ತು. ಬಳ್ಳಾರಿಯ ದವಾಖಾನೆಯಲ್ಲಿ ಕಾಲಿಗೆ ಇಟ್ಟಿಗೆ ಕಟ್ಟಿ, ಎಳೆದು ಮಲಗಿಸಿದ್ದರು. ಮನೆಗೆ ಕಳಿಸುವ ದಿನ ಡಾಕ್ಟರು ನನ್ನನ್ನು ಬಾಗಿಲ ಹೊರಗೆ ಕರೆದರು.

"ನಡೀತಾರಮ್ಮ, ಅಷ್ಟು ಮಾಡೀವಿ. ಹತ್ತೋದು ಮಾತ್ರ ಬಿಡಿಸ್ರಿ. ಇನ್ನೊಮ್ಮೆ ಬಿದ್ರ ನನ್ನ ಹತ್ರ ತಂದು ಉಪಯೋಗ ಇಲ್ಲ."

ಸಿಟ್ಟಿನಿಂದ ಹೇಳಿದ ಮಾತಲ್ಲ. ಮಳೆ ಬರುತ್ತದೆ, ಬಟ್ಟೆ ಒಳಗೆ ತಗೊಳ್ಳಿ ಎಂದಹಾಗೆ ಹೇಳಿದರು. ಬಸ್ಸಿನಲ್ಲಿ ಬರುವಾಗ ಹೊಳೆಯ ಆಚೆ ದಿಕ್ಕಿಗೆ ಮುಖ ಮಾಡಿ ಹುಲಿಗೆಮ್ಮನಿಗೆ ಕೈ ಮುಗಿದೆ. ಇವರ ಕಾಲು ನೆಲದ ಮೇಲಿರಲಿ ತಾಯಿ, ಮತ್ತೇನೂ ಕೇಳುವುದಿಲ್ಲ ಎಂದೆ. ಆಮೇಲೆ ಎಷ್ಟೋ ವರ್ಷ ದೀಪ ಹಚ್ಚಿದಾಗಲೆಲ್ಲ ಬೇಡಿಕೊಂಡದ್ದು ಅದೊಂದನ್ನೇ.

ಆದರೆ ಅವರಿಗೆ ಮರ ಬಿಟ್ಟರೆ ಬೇರೆ ಕಸುಬು ಗೊತ್ತಿರಲಿಲ್ಲ. ಕಾಲುವೆಗೆ ನೀರು ಬಂದ ಹೊಸದರಲ್ಲಿ ಹೊಸಪೇಟೆ, ಕಮಲಾಪುರ, ಕಂಪ್ಲಿಯ ಜನ ಮನೆಗೆ ಒಂದೆರಡಾದರೂ ತೆಂಗು ಇಟ್ಟಿದ್ದರು. ನಮ್ಮ ಕಾಲಕ್ಕೆ ಅವೆಲ್ಲ ಮಾಳಿಗೆ ದಾಟಿ, ಕರೆಂಟಿನ ತಂತಿ ದಾಟಿ ಬೆಳೆದಿದ್ದವು. ಇಟ್ಟವರಿಗೆ ಕಾಯಿ ಬೇಕು, ಹತ್ತಲು ಬರುವುದಿಲ್ಲ. ಗರಿ ಒಣಗಿ ತಲೆ ಮೇಲೆ ಬೀಳುತ್ತಿದ್ದವು. ಕೊಂಬಿನ ದುಂಬಿ ಸುಳಿಯೊಳಗೆ ಸೇರಿ ಮರವನ್ನು ಒಳಗಿಂದಲೇ ತಿನ್ನುತ್ತಿತ್ತು. ಇವರು ಸುಳಿ ಬಿಡಿಸಿ, ಕೊಕ್ಕೆಯಿಂದ ದುಂಬಿ ತೆಗೆದು, ಬೇವಿನ ಹಿಂಡಿ ಮರಳು ಕಲಸಿ ತುಂಬುತ್ತಿದ್ದರು. ಬೇವು, ಹುಣಸೆ, ಮಾವಿನ ಕೊಂಬೆ ಕತ್ತರಿಸಿದರೆ ಕಡಿದ ಜಾಗಕ್ಕೆ ಡಾಂಬರು ಹಚ್ಚದೆ ಇಳಿಯುತ್ತಿರಲಿಲ್ಲ. ಮರಕ್ಕೂ ಗಾಯ ಗಾಯವೇ, ತೆರೆದು ಬಿಟ್ಟರೆ ಕೊಳೆಯುತ್ತದೆ ಎನ್ನುತ್ತಿದ್ದರು.

ಸೊಂಟ ಕೂಡಿದ ಮೇಲೆ ದರೋಜಿ ಕಡೆಯ ಅಣ್ಣ-ತಮ್ಮ ಇಬ್ಬರನ್ನು ಕೂಡಿಸಿಕೊಂಡರು. ಅವರು ಹತ್ತಬೇಕು, ಇವರು ಕೋಲು ಹಿಡಿದು ಕೆಳಗೆ ನಿಂತು ಹೇಳಬೇಕು. ಅಣ್ಣನಾದವನು ಮಾತುಗಾರ. ಮೊದಲ ದಿನವೇ ನನ್ನ ಅಡುಗೆಮನೆ ಬಾಗಿಲಲ್ಲಿ ಕೂತು ರೊಟ್ಟಿ ತಿನ್ನುತ್ತ ಹೇಳಿದ:

"ಅಕ್ಕಾ, ಸಂಡೂರಿನ ಗಣಿಯಾಗ ದಿನಾ ಕೆಲಸ ಐತಿ. ಇಲ್ಲಿ ವಾರಕ್ಕೊಂದು ಮರ ಹತ್ತಿ ಸುಮ್ನ ಕುಂತ್ರ, ಮನ್ಯಾಗ ಹೆಂಗಸ್ರು ನಮ್ಮ ತಲಿ ಮ್ಯಾಲ ಹತ್ತತಾರ. ಕೆಲಸ ಸಾಲಾಗಿ ಇದ್ರ ನಾವಿರ್ತೀವಿ."

ತಪ್ಪು ಮಾತಲ್ಲ. ಅವರು ಗಣಿಗೆ ಹೋದರೆ ಇವರು ಮರ ಹತ್ತುತ್ತಾರೆ. ಅದು ನನಗೆ ಗೊತ್ತಿತ್ತು, ಇವರಿಗೂ ಗೊತ್ತಿತ್ತು. 

ಕಾರ್ಡು ಬರೆಯುವ ಯೋಚನೆ ಇವರದೇ. ಗೊಬ್ಬರದ ಅಂಗಡಿಯವರು ಬಿತ್ತನೆಗೆ ಮುಂಚೆ ರೈತರಿಗೆ ಕಾರ್ಡು ಹಾಕುತ್ತಿದ್ದರು. "ಅವ್ರು ಹಾಕ್ತಾರ, ನಾವ್ಯಾಕ ಹಾಕಬಾರದು? ನಿನ್ನ ಅಕ್ಷರ ಮುತ್ತಿನಂಗ ಅದಾವ, ಬರಿ" ಎಂದರು. ನಾನು ಏಳನೇ ಇಯತ್ತೆ ಓದಿದವಳು. ಓಣಿಯ ಹೆಂಗಸರಿಗೆ ತವರಿನ ಪತ್ರ ಬರೆದುಕೊಟ್ಟು ಕೈ ಕುದುರಿತ್ತು.

ವಿಳಾಸವೇ ದೊಡ್ಡ ಕಷ್ಟ. ಇವರಿಗೆ ಮನೆಯವರ ಹೆಸರು ಒಂದೂ ಗೊತ್ತಿಲ್ಲ, ಮರ ಗೊತ್ತು. "ಕಂಪ್ಲಿ, ಕೋಟಿ ಹಿಂದ, ಡೊಂಕ ತೆಂಗಿನ ಮನಿ" ಎನ್ನುವರು. ಹಾಗೆಯೇ ಬರೆದೆ: ಡೊಂಕು ತೆಂಗಿನ ಮರದ ಮನೆಯ ಯಜಮಾನರಿಗೆ, ಕೋಟೆ ಹಿಂದೆ, ಕಂಪ್ಲಿ. ನಗಬೇಡಿ, ಮುಟ್ಟಿತು. ಆಗಿನ ಟಪಾಲಿನವರಿಗೆ ಮನುಷ್ಯರಷ್ಟೇ ಮರಗಳೂ ಗೊತ್ತಿದ್ದವು.

ಮೊದಲ ವರ್ಷ ಇವರು ಹೇಳಿದಂತೆ ಬರೆದೆ. "ನಾವು ಸಕಲ ವಿಧದ ಮರಗಳ ಸಕಲ ರೋಗಗಳನ್ನು" ಎಂದು ಶುರುವಾದರೆ ಮುಗಿಯುವ ಹೊತ್ತಿಗೆ ಜಾಗ ಸಾಲದೆ ಅಂಚಿನ ಸುತ್ತ ಇರುವೆ ಸಾಲಿನಂತೆ ಬರೆಯಬೇಕಾಗುತ್ತಿತ್ತು. ಯಾರೂ ಬರಲಿಲ್ಲ. ಎರಡನೇ ಸಲ ನನ್ನ ಬುದ್ಧಿ ಓಡಿಸಿ, "ನಿಮ್ಮ ಮಾವಿನ ಮರ ಒಣಗುತ್ತಿದೆ" ಎಂದು ಕಮಲಾಪುರದ ಒಂದು ಮನೆಗೆ ನೇರವಾಗಿ ಬರೆದೆ. ಆ ಮನೆಯಾಕೆ ಬಂದರು, ಆದರೆ ಜಗಳಕ್ಕೆ.

"ಏನ್ರೀ ತಂಗಿ, ಟಪಾಲಿನವ ಓಣಿ ತುಂಬ ಕೇಳೋ ಹಂಗ ಓದ್ಯಾನ. ಮಗಳಿಗೆ ಗಂಡಿನ ಕಡೀಯವ್ರು ಬಂದು ಕುಂತಿದ್ರು. ಮನಿ ಮುಂದಿನ ಮರ ಒಣಗಾಕತ್ತೇತಿ ಅಂದ್ರ ಹೆಣ್ಣು ತಗೋತಾರೇನ್ರಿ ಯಾರರ?"

ಅವತ್ತು ನನಗೆ ತಿಳಿಯಿತು. ಕಾರ್ಡು ಎಂದರೆ ಬಾಯಿ ತೆರೆದ ಪತ್ರ. ಯಾರಿಗೆ ಬರೆದೆವೋ ಅವರು ಓದುವ ಮುಂಚೆ ಓಣಿ ಓದಿರುತ್ತದೆ. ಎಷ್ಟೋ ಮನೆಯಲ್ಲಿ ಓದು ಬಾರದವರೇ ಇದ್ದು, ಟಪಾಲಿನವರೇ ಕಟ್ಟೆಯ ಮೇಲೆ ನಿಂತು ಓದಿ ಹೇಳಬೇಕು. ಆದ್ದರಿಂದ ಕಾರ್ಡನ್ನು ಕಣ್ಣಿಗಲ್ಲ, ಕಿವಿಗೆ ಬರೆಯಬೇಕು. ಒಂದು ಉಸಿರಿಗೆ ಓದಿ ಮುಗಿಯುವಷ್ಟೇ ಇರಬೇಕು. ಒಣಗುವುದು, ಬೀಳುವುದು, ರೋಗ ಇಂಥ ಮಾತು ಬರಬಾರದು. ಮೇಲೆ ಶ್ರೀ ಬರೆದು, ಅವರ ಮರವನ್ನು ಗುರುತು ಹಿಡಿದು ವಿಚಾರಿಸಬೇಕು, ಮನೆಯ ಹಿರಿಯರನ್ನು ವಿಚಾರಿಸಿದ ಹಾಗೆ. ಬಾವಿ ಪಕ್ಕದ ತೆಂಗು ಚೆನ್ನಾಗಿದೆಯೇ, ದನದ ಮನೆಯ ಮೇಲಿನ ಬೇವಿನ ಕೊಂಬೆ ಈಗ ಎಷ್ಟು ಉದ್ದವಾಗಿದೆ, ಹೀಗೆ. ಕಡೆಗೆ ಒಂದು ಮಾತು ಕೊಡಬೇಕು: ಹೇಳಿ ಕಳಿಸಿದರೆ ರೋಹಿಣಿ ಮಳೆಗೆ ಮುಂಚೆ ತಪ್ಪದೆ ಬರುತ್ತೇವೆ. ಮಾತು ಕೊಟ್ಟವರನ್ನು ಜನ ಮರೆಯುವುದಿಲ್ಲ. ಬೇವಿನ ಹೂವು ಉದುರುವ ಹೊತ್ತಿಗೆ, ಮೊದಲ ಗುಡುಗು ಕೇಳುವ ಮುಂಚೆ, ಕಾರ್ಡು ಮನೆ ಸೇರಿರಬೇಕು.

ಮೂರನೇ ವರ್ಷ ಇದನ್ನೆಲ್ಲ ನೋಡಿಕೊಂಡು ಚೊಕ್ಕವಾಗಿ ಬರೆದೆ. ಶಾಯಿ ಆರಲೆಂದು ಪಡಸಾಲೆಯ ಚಾಪೆಯ ಮೇಲೆ ಸಾಲಾಗಿ ಹರವಿ ಒಳಗೆ ರೊಟ್ಟಿ ಬಡಿಯಲು ಹೋದೆ. ಇವರು ಕೆಲಸದಿಂದ ಬಂದವರೇ ಒಂದೊಂದಾಗಿ ಎತ್ತಿ ಜೋಡಿಸಿ, ಚೀಲಕ್ಕೆ ಹಾಕಿಕೊಂಡು ಟಪಾಲಿನ ಡಬ್ಬಿಗೆ ಹಾಕಿ ಬಂದರು. ನಾನು ಹೊರಗೆ ಬಂದಾಗ ಚಾಪೆ ಬರಿದಾಗಿತ್ತು. ಕೈ ತೊಳೆದು ಊಟಕ್ಕೆ ಕುಂದ್ರಿ ಎಂದೆ.

ಯಾರೂ ಬರಲಿಲ್ಲ. ಒಬ್ಬರೂ ಹೇಳಿ ಕಳಿಸಲಿಲ್ಲ. ಹಿಂದೆ ತಾವಾಗಿ ಬರುತ್ತಿದ್ದ ಮನೆಗಳೂ ಸುಮ್ಮನಾದವು. ದರೋಜಿಯ ಅಣ್ಣ ತಮಾಷೆ ಮಾಡುವುದನ್ನು ಬಿಟ್ಟ. ಇವರು ಗೋಡೆಗೆ ಒರಗಿ ಕೂತು, ಮರ ಹತ್ತುವಾಗ ಕಟ್ಟಿಕೊಳ್ಳುತ್ತಿದ್ದ ಹಳೆಯ ಸೊಂಟದ ಹಗ್ಗವನ್ನು ಅಟ್ಟದಿಂದ ಇಳಿಸಿ ಎಳೆದೆಳೆದು ನೋಡುತ್ತಿದ್ದರು. ಏನು ಮಾಡಾಕತ್ತೀರಿ ಎಂದರೆ, "ಇಲಿ ಕಡದಾವೇನೋ ಅಂತ ನೋಡಾಕತ್ತೀನಿ" ಎಂದರು.

ಆ ಹುಣ್ಣಿಮೆಗೆ ಹಂಪಿಗೆ ಹೋದೆ. ಹೊಳೆಯ ಮೆಟ್ಟಿಲಲ್ಲಿ ಕಾಲು ತೊಳೆಯುತ್ತಿದ್ದಾಗ ಕಮಲಾಪುರದ ಆ ಮಾವಿನ ಮರದ ಮನೆಯಾಕೆ ಎದುರು ಬಂದರು. ಜಗಳವಾಡಿ ಹೋದವರೇ ಆಮೇಲೆ ಮರ ಮಾಡಿಸಿಕೊಂಡು ನಮಗೆ ಹತ್ತಿರದವರಾಗಿದ್ದರು. ನನ್ನ ಹಣೆ ನೋಡಿ ಕೈಯಲ್ಲಿದ್ದ ಹಣ್ಣಿನ ಬುಟ್ಟಿ ಜಾರಿಸಿದರು.

"ತಂಗಿ, ನಿನ್ನ ಕುಂಕುಮ ಐತಲ್ಲ."

"ಇರ್ಲಾರದ ಏನ್ರಿ, ಇದೇನು ಮಾತು?"

"ಮತ್ತ ಕರಿ ಕಾರ್ಡು ಬಂತಲ್ಲ ನಿಮ್ಮನಿಯಿಂದ. ಮೂಲ್ಯಾಗ ಕರಿ ಇತ್ತು. ಟಪಾಲಿನವ ಓದಲೂ ಇಲ್ಲ, ಕಟ್ಟಿ ಮ್ಯಾಲ ಒಗದು ಹೋದ. ಮರದವರ ಮನೀದು ಅಂದ. ಬಿದ್ದು ಹೋದ್ರು ಅಂದ್ಕೊಂಡು ಹೊಸ್ತಿಲದಾಗ ಹರಿದು ಹಾಕಿ ತಲಿಗೆ ನೀರು ಹಾಕ್ಕೊಂಡ್ವಿ."

ನಮ್ಮ ಕಡೆ ಸಾವಿನ ಸುದ್ದಿಯ ಕಾರ್ಡಿಗೆ ಮೂಲೆಯಲ್ಲಿ ಕರಿ ಹಚ್ಚುತ್ತಾರೆ. ಬಂದವರು ಅದನ್ನು ಮನೆಯೊಳಗೆ ಒಯ್ಯುವುದಿಲ್ಲ. ಹೊರಗೇ ಹರಿದು, ಸ್ನಾನ ಮಾಡಿಯೇ ಒಳಗೆ ಬರುತ್ತಾರೆ. ಇವರು ಅವತ್ತು ಡಾಂಬರು ಹಚ್ಚಿದ ಕೈಯಲ್ಲೇ ಒಂದೊಂದು ಕಾರ್ಡನ್ನೂ ಮೂಲೆ ಹಿಡಿದು ಎತ್ತಿದ್ದರು. ಪ್ರತಿಯೊಂದರ ಮೇಲೂ ಹೆಬ್ಬೆರಳಿನ ಕರಿ ಕೂತಿತ್ತು. ನಾನು ಮೇಲೆ ಬರೆದ ಶ್ರೀ ಯಾರ ಕಣ್ಣಿಗೂ ಬೀಳಲಿಲ್ಲ. ಸಾವಿನ ಕಾರ್ಡಿಗೆ ಶ್ರೀ ಬರೆಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು, ಆದರೆ ಕರಿ ನೋಡಿದ ಮೇಲೆ ಶ್ರೀ ಹುಡುಕುವವರು ಯಾರು? ಕಂಪ್ಲಿಯಿಂದ ಕಮಲಾಪುರದವರೆಗೆ ನನ್ನ ಗಂಡ ಸತ್ತಿದ್ದರು. ನಾನೊಬ್ಬಳೇ ಅವರಿಗೆ ರೊಟ್ಟಿ ಬಡಿಯುತ್ತಿದ್ದೆ.

ವಿರೂಪಾಕ್ಷನ ಮುಂದೆ ಹೋಗಿ ನಿಂತೆ. ಅವರು ಬದುಕಿದ್ದಾರೆ ಎಂಬುದಕ್ಕೆ ಅವತ್ತು ಎರಡು ಸಲ ಕೈ ಮುಗಿದೆ.

ಮನೆಗೆ ಬಂದು ಹೇಳಿದರೆ ಇವರು ನಕ್ಕರು. ಸೊಂಟ ಹಿಡಿದುಕೊಂಡು, ನೋಯುತ್ತದೆ ಎಂದು ನರಳುತ್ತ ನಕ್ಕರು. ದರೋಜಿಯ ಅಣ್ಣನೂ ಎಷ್ಟೋ ದಿನದ ಮೇಲೆ ಬಾಯಿ ಬಿಟ್ಟ.

"ಮಾವಾ, ಇನ್ನ ಮ್ಯಾಲ ನಿನಗ ಯಮನ ಭಯ ಇಲ್ಲ ಬಿಡು. ಟಪಾಲಿನ್ಯಾಗ ಒಮ್ಮೆ ಹೋಗಿ ಬಂದಿ."

"ಹಂಗಾರ ಹಿಂಗ ಬರಿ," ಎಂದರು ಇವರು ನನಗೆ. "ಸತ್ತವನ ಬಂದು ನಿಮ್ಮ ಮರ ನೋಡ್ತಾನ, ಪುಗಸಟ್ಟೆ ಭೂತ ಬಿಡಸ್ತಾನ ಅಂತ."

ನಾನು ನಗಲಿಲ್ಲ. ಹೊಸ ಕಾರ್ಡಿನಲ್ಲಿ ನೆಟ್ಟಗೆ ಬರೆದೆ: ಮೂಲೆಯ ಕರಿ ಸಾವಿನದಲ್ಲ, ಮರದ ಗಾಯಕ್ಕೆ ಹಚ್ಚುವ ಡಾಂಬರು. ಹರಿಯದೆ ಓದಿರಿ. ನಾವು ಕ್ಷೇಮ, ನಿಮ್ಮ ಮರದ ಕ್ಷೇಮಕ್ಕೆ ತಿಳಿಸಿರಿ. ಇದನ್ನು ಹಳೆಯ ತಪ್ಪು ತಿಳಿಸಲೆಂದು ಬರೆದದ್ದು, ಹೊಸ ಕಾರ್ಡಿಗೆ ಕರಿ ಹಚ್ಚುವ ಮಾತೇ ಇರಲಿಲ್ಲ. ಇವರು ಹೊರಗಿನಿಂದ ಡಾಂಬರಿನ ಡಬ್ಬಿ ತಂದು ಪಕ್ಕದಲ್ಲಿಟ್ಟುಕೊಂಡು, ಹೆಬ್ಬೆರಳು ಅದ್ದಿ ಒಂದೊಂದು ಮೂಲೆಗೂ ಒತ್ತತೊಡಗಿದರು.

"ಬ್ಯಾಡ್ರಿ," ಎಂದೆ. "ತಾನಾಗಿ ಹತ್ತಿದ್ದು ಬ್ಯಾರೆ. ಬೇಕಂತ ಹಚ್ಚಬ್ಯಾಡ್ರಿ."

"ಲೇ ಹುಚ್ಚಿ, ಬಿಳೀ ಕಾರ್ಡು ಯಾರು ನೋಡ್ತಾರ? ಕರಿ ಕಂಡ್ರ ಎದ್ದು ಬಂದು ನೋಡ್ತಾರ. ನಿನ್ನ ಮಾತು ಓದ್ಲಿ ಅಂತ ಹಚ್ಚಾಕತ್ತೀನಿ."

ಅವರು ಹೇಳಿದ್ದು ನಿಜವಾಯಿತು. ಟಪಾಲಿನವರು ಓಣಿಯ ತುದಿಯಿಂದಲೇ "ಮರದವರ ಕರಿ ಕಾರ್ಡು ಬಂತು, ಹೆದರಬ್ಯಾಡ್ರಿ" ಎಂದು ಕೂಗಿಕೊಂಡು ಬರುವಂತಾಯಿತು. ಕಟ್ಟೆಯ ಮೇಲೆ ಓದಿ ನಕ್ಕು, ಪಕ್ಕದ ಮನೆಯವರಿಗೂ ಕೊಡುತ್ತಿದ್ದರು. ಸಂತೆಯಲ್ಲಿ ನನ್ನನ್ನು ಕರಿ ಕಾರ್ಡಿನಾಕಿ ಎಂದೇ ಕರೆದರು. ಕೆಲಸ ಸಾಲಾಗಿ ಬಂತು. ಅಣ್ಣ-ತಮ್ಮ ಗಣಿಯ ಹೆಸರು ಎತ್ತಲಿಲ್ಲ. ಇವರು ಕೋಲು ಹಿಡಿದು ಮರದ ಬುಡದಲ್ಲಿ ನಿಂತು, "ಎಡಕ್ಕ, ಲೇ, ಎಡಕ್ಕ, ನಿನ್ನ ಎಡ ಅಲ್ಲ, ಮರದ ಎಡ" ಎಂದು ಬೈಯುತ್ತಿದ್ದರು. ಸಂಜೆ ಕಾಲಿಗೆ ಮಣ್ಣು ಮೆತ್ತಿಕೊಂಡು ಬರುತ್ತಿದ್ದರು. ಆ ಮಣ್ಣು ತೊಳೆಯುವಾಗ ನನಗೆ ಎಷ್ಟು ಸಮಾಧಾನ ಆಗುತ್ತಿತ್ತೆಂದು ಯಾರಿಗೂ ಹೇಳಿಲ್ಲ. ಕಾಲು ನೆಲದ ಮೇಲಿತ್ತು. ಹುಲಿಗೆಮ್ಮ ಕೆಲವು ಬೇಸಿಗೆ ಹಾಗೆ ನಡೆಸಿದಳು. ಅಷ್ಟಾದರೂ ಕೊಟ್ಟಳು.

ಕಡೆಯ ಬೇಸಿಗೆಯಲ್ಲಿ ಕಾರ್ಡು ಬೇಕಾದ್ದಕ್ಕಿಂತ ಹೆಚ್ಚು ಕೆಲಸ ತಂದವು. ಹಿಂದಿನ ವರ್ಷದ ಗಾಳಿಗೆ ಅಲ್ಲಲ್ಲಿ ಕೊಂಬೆ ಮುರಿದು ಬಿದ್ದಿದ್ದರಿಂದ ಜನ ಹೆದರಿದ್ದರು. ಕರೆದವರ ಮನೆ ಮುಗಿಯುವ ಮುಂಚೆಯೇ ಮೋಡ ಕಟ್ಟತೊಡಗಿತು. ಅಷ್ಟರಲ್ಲಿ ದರೋಜಿಯ ತಮ್ಮನಿಗೆ ಜ್ವರ ಬಂದು ಏಳಲಾಗಲಿಲ್ಲ, ಅಣ್ಣನೊಬ್ಬನೇ ಉಳಿದ. ಒಬ್ಬ ಹತ್ತಿದರೆ ಸಾಲದು. ದೊಡ್ಡ ಕೊಂಬೆ ಕಡಿಯುವಾಗ ಒಬ್ಬ ಕೊಯ್ಯಬೇಕು, ಇನ್ನೊಬ್ಬ ಮೇಲಿನ ಕವಲಿನಲ್ಲಿ ಕೂತು ಹಗ್ಗ ಹಿಡಿದು ಇಳಿಸಬೇಕು.

ಒಂದು ಬೆಳಿಗ್ಗೆ ಕಂಪ್ಲಿಯ ಡೊಂಕು ತೆಂಗಿನ ಮನೆಯ ಯಜಮಾನರು ಮೊದಲ ಬಸ್ಸಿಗೇ ಬಂದರು. ಅವರ ದನದ ಮನೆಯ ತಗಡಿನ ಮೇಲೆ ಬೇವಿನ ಕೊಂಬೆ ಚಾಚಿತ್ತು. ಕೈಯಲ್ಲಿ ನನ್ನ ಕಾರ್ಡಿತ್ತು.

"ರೋಹಿಣಿ ನಾಳೆ ಹುಟ್ತೈತಿ. ಮಳಿಗೆ ಮುಂಚೆ ತಪ್ಪದ ಬರ್ತೀವಿ ಅಂತ ಬರದೀರಿ. ನಾ ಬ್ಯಾರೆ ಯಾರಿಗೂ ಹೇಳಿಲ್ಲ, ನಿಮ್ಮನ್ನ ನಂಬಿ ಕುಂತೀನಿ. ಗೂಟದಾಗ ಕರ ಹಾಕಿದ ಎಮ್ಮಿ ಐತಿ."

ಒಳ್ಳೆಯ ಮನುಷ್ಯರು, ಒಂದು ಬಿರುಸಿನ ಮಾತೂ ಆಡಲಿಲ್ಲ. ಎಮ್ಮೆಯನ್ನು ಬೇರೆ ಕಡೆ ಕಟ್ಟಿರಿ ಎಂದು ಹೇಳಲು ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ. ಇವರು ಕಾರ್ಡು ಇಸಿದುಕೊಂಡು ನೋಡಿದರು. ಓದಲು ಬಾರದಿದ್ದರೂ ತಮ್ಮ ಹೆಬ್ಬೆರಳಿನ ಗುರುತು ಅವರಿಗೆ ತಿಳಿಯಿತು.

"ಬರದದ್ದು ಬರದಂಗ ಆಗಬೇಕು," ಎಂದು ಎದ್ದರು.

ನಾನು ಬಾಗಿಲಿಗೆ ಅಡ್ಡ ನಿಂತು, "ನೀವು ಕೆಳಗ ನಿಂದರ್ತೀರಿ ತಾನೆ?" ಎಂದೆ.

"ಮತ್ತ ಮ್ಯಾಲ ಯಾರು ಹತ್ತತಾರ, ಈ ಸೊಂಟ ಇಟ್ಕೊಂಡು? ಸರಿ ಅತ್ತಾಗ, ಜಲ್ದಿ ಹೋಗಿ ಜಲ್ದಿ ಬರ್ತೀವಿ. ಸಂಜಿಗೆ ಜುಣಕ ಮಾಡು."

ಅಟ್ಟದ ಮೇಲೆ ಸೊಂಟದ ಹಗ್ಗ ಇರಲಿಲ್ಲ. ಅವರು ಹೋದ ಮೇಲೆ ನೋಡಿದೆ. ಕಂಪ್ಲಿ ಬಸ್ಸು ಅಷ್ಟರಲ್ಲಿ ಕಾಲುವೆ ದಾಟಿರಬೇಕು. ದೇವರ ಮುಂದೆ ಕೂತೆ. ಹಿಟ್ಟು ಕಲಸಿಟ್ಟೆ.

ದರೋಜಿಯ ಅಣ್ಣ ಆಮೇಲೆ ಹೇಳಿದ. ಕೊಂಬೆ ಇಳಿಯಿತು, ತಗಡಿಗೆ ತಾಗಲಿಲ್ಲ, ಎಮ್ಮೆ ಕಿವಿ ಅಲ್ಲಾಡಿಸಲಿಲ್ಲ. ಕೆಲಸ ಮುಗಿದಿತ್ತು, ಇವರು ಸೊಂಟದ ಹಗ್ಗ ಬಿಚ್ಚಿಯಾಗಿತ್ತು. ಇಳಿಯಿರಿ ಮಾವಾ ಎಂದರೆ, ಗಾಯಕ್ಕೆ ಡಾಂಬರು ಹಚ್ಚಿ ಇಳೀತೀನಿ ಎಂದು ಡಬ್ಬಿಗೆ ಕೈ ಚಾಚಿದರಂತೆ. ಸೊಂಟ ಅಲ್ಲೇ ಹಿಡಿದುಕೊಂಡಿತು. ಈ ಸಲ ಕೆಳಗೆ ಹಾಸುಗಲ್ಲು ಇತ್ತು.

ಡಾಕ್ಟರ ಬಳಿ ಒಯ್ಯುವ ಪ್ರಸಂಗ ಬರಲಿಲ್ಲ. ನರಳಲಿಲ್ಲ, ನೀರು ಕೇಳಲಿಲ್ಲ ಎಂದು ಅಣ್ಣ ಆಣೆ ಮಾಡಿ ಹೇಳಿದ. ಅದನ್ನು ನಾನು ನಂಬಿದ್ದೇನೆ. ಎಮ್ಮೆಗೂ ಕರುವಿಗೂ ಏನೂ ಆಗಲಿಲ್ಲವಲ್ಲ ಎಂಬುದನ್ನೂ ಉಪಕಾರದಲ್ಲೇ ಸೇರಿಸಿಕೊಂಡೆ. ಸೇರಿಸಿಕೊಳ್ಳಲು ಬಹಳ ದಿನ ಹಿಡಿಯಿತು.

ಸಂಬಂಧಿಕರಿಗೆ ತಂತಿ, ಮಾತು, ಬಸ್ಸಿನ ಕಂಡಕ್ಟರು, ಹೇಗೋ ಸುದ್ದಿ ಮುಟ್ಟಿತು. ಮರದ ಮನೆಗಳಿಗೆ ತಿಳಿಸಬೇಕಲ್ಲ ಎಂದು ಮೈದುನ ಕಾರ್ಡು ತಂದರು. ಹೆಂಡತಿಯೇ ಬರೆಯಬಾರದು ಎಂದು ಅತ್ತಿಗೆ ತಡೆದರು. ಆದರೆ ಆ ಮನೆಗಳ ವಿಳಾಸ ಗೊತ್ತಿದ್ದದ್ದು ನನಗೊಬ್ಬಳಿಗೆ. ಮೂಲೆಯಲ್ಲಿ ಕೂತು ಬರೆದೆ. ಡೊಂಕು ತೆಂಗು, ಬಾವಿ ಪಕ್ಕದ ತೆಂಗು, ಜೋಡಿ ಹುಣಸೆ. ಅಭ್ಯಾಸಬಲದಿಂದ ಮೊದಲ ಕಾರ್ಡಿಗೆ ಶ್ರೀ ಬರೆದುಬಿಟ್ಟೆ, ಅದನ್ನು ಪಕ್ಕಕ್ಕೆ ಇಟ್ಟೆ. ಉಳಿದವಕ್ಕೆ ಬರೆಯಲಿಲ್ಲ. ಕರಿ ಹಚ್ಚಲು ಇದ್ದಿಲು ಹುಡುಕಿದ ಮೈದುನನಿಗೆ ಬಾಗಿಲ ಹಿಂದಿನ ಡಬ್ಬಿ ಸಿಕ್ಕಿತು. ಅದರಲ್ಲೇ ಬೆರಳು ಅದ್ದಿ ಹಚ್ಚಿದರು. ನಾನು ನೋಡುತ್ತ ಕೂತಿದ್ದೆ. ಏನಾಗುತ್ತದೆಂದು ನನಗೂ ಆಗ ಹೊಳೆಯಲಿಲ್ಲ.

ಯಾರೂ ಬರಲಿಲ್ಲ. ಇದ್ದಾಗ ಅಷ್ಟೊಂದು ಮನೆ ಕರೆಯುತ್ತಿದ್ದವು, ಹೋದ ಮೇಲೆ ಒಬ್ಬರೂ ಮುಖ ತೋರಲಿಲ್ಲ ಎಂದು ಮೈದುನ ನೊಂದು ಮಾತಾಡಿದರು. ಕಂಪ್ಲಿಯ ಯಜಮಾನರೊಬ್ಬರು ಮಾತ್ರ ಬಂದು, ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತು, ಎದ್ದು ಹೋದರು. ಅವರಿಗೆ ಕಾರ್ಡು ಬೇಕಿರಲಿಲ್ಲ.

ದಿನಗಳ ಕಾರ್ಯ ಎಲ್ಲ ಮುಗಿದು, ನೆಂಟರು ಊರಿಗೆ ಹೋದ ಮೇಲೆ, ಒಂದು ಮಧ್ಯಾಹ್ನ ಕಮಲಾಪುರದ ಆಕೆ ಬಂದರು. ಹೊರಗಿನಿಂದಲೇ ದನಿ ಕೇಳಿತು.

"ಕರಿ ಕಾರ್ಡಿನಾಕಿ ಅದಾಳೇನು ಮನ್ಯಾಗ? ಕಾರ್ಡು ಬಂದು ಎಷ್ಟು ದಿನಾತು, ಗೂಡಿನ್ಯಾಗ ಇಟ್ಟು ಮರತಬಿಟ್ಟಿದ್ದೆ. ಬಾವಿ ತೆಂಗಿಗೆ ದುಂಬಿ ಹತ್ತೇತಿ, ನಿನ್ನ ಗಂಡಗ ಹೇಳವ್ವ, ಈ ವಾರ..."

ನಾನು ಒಳಗಿಂದ ಬಂದು ಬಾಗಿಲಲ್ಲಿ ನಿಂತೆ. ಅವರು ನನ್ನ ಹಣೆ ನೋಡಿದರು. ಹೊಳೆಯ ಮೆಟ್ಟಿಲಲ್ಲಿ ನೋಡಿದ ಹಾಗೆಯೇ ನೋಡಿದರು.  ಸೆರಗಿನ ಗಂಟಿನಿಂದ ಕಾರ್ಡು ತೆಗೆದು ದೂರ ಹಿಡಿದು, ತುಟಿ ಅಲ್ಲಾಡಿಸುತ್ತ ಅಕ್ಷರ ಕೂಡಿಸಿ ಓದಿದರು. ಮೇಲೆ ಶ್ರೀ ಇರಬೇಕಾಗಿದ್ದ ಖಾಲಿ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ನಮ್ಮ ಓಣ್ಯಾಗ ಎಲ್ಲಾರೂ ಮರದ್ದಂತ ಇಟ್ಕೊಂಡಾರ ತಂಗಿ," ಎಂದರು. "ಟಪಾಲಿನವ ಹೆದರಬ್ಯಾಡ್ರಿ ಅಂತ ಕೂಗಿಕೊಂಡ ಬಂದ, ಓದದ ಕೊಟ್ಟು ಹೋದ."

ಕುಂದ್ರಿ ಎಂದೆ. ಕೂಡಲಿಲ್ಲ. ಅಲ್ಲೇ ಹೊಸ್ತಿಲ ಹೊರಗೆ ನಿಂತು ಕಾರ್ಡನ್ನು ನಿಧಾನವಾಗಿ ಹರಿದರು, ಮೊದಲು ಕರಿ ಮೂಲೆ, ಆಮೇಲೆ ಉಳಿದದ್ದು. ಚೂರುಗಳನ್ನು ಚರಂಡಿಯ ನೀರಿಗೆ ಬಿಟ್ಟರು. ಆ ಕಾರ್ಡುಗಳಲ್ಲಿ ಹರಿದದ್ದನ್ನು ನಾನು ಕಂಡದ್ದು ಅದೊಂದನ್ನೇ. ನಮ್ಮನೆಯವರು ಸತ್ತದ್ದನ್ನು ಹೊರಗಿನವರೊಬ್ಬರು ಕೈಯಾರೆ ಒಪ್ಪಿಕೊಂಡಂತೆ ಅನ್ನಿಸಿ, ಅವತ್ತು ಮೊದಲ ಸಲ ದನಿ ತೆಗೆದು ಅತ್ತೆ. ಆಕೆ ನನ್ನನ್ನು ಅಳಲು ಬಿಟ್ಟರು.

ಹೊರಡುವಾಗ ಚರಂಡಿಯ ಆಚೆಯಿಂದ ತಿರುಗಿ, "ಆ ಹುಡುಗರು ಬಂದ್ರ ತೆಂಗಿನ ಮಾತು ಹೇಳು," ಎಂದರು. "ಅವಸರೇನಿಲ್ಲವ್ವ. ಮಳಿ ನಿಂತ ಮ್ಯಾಲ ಬರಲಿ."

ಅವಸರವಿಲ್ಲ ಎಂಬ ಮಾತನ್ನು ಮನೆಯಲ್ಲಿ ಮರ ಇದ್ದವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.